ಗಿರಣಿ ಗೇಟಿನ ಫಲಕ, ಕಚೇರಿ ಪರದೆಯ ಮೆನು

ಪರೇಲ್‌ನ ಎಷ್ಟೋ ಗಿರಣಿಗಳು 1982ರ ಮುಷ್ಕರದ ನಂತರ ಮುಚ್ಚಿ, ಅಲ್ಲಿ ಕಚೇರಿ ಕಟ್ಟಡಗಳು ಎದ್ದಿವೆ. ಕಾರ್ಮಿಕರಿಗೆ ಕೊಡುವ ಸೂಚನೆಗಳು ಮುಖ್ಯದ್ವಾರದ ಬಳಿ, ಇಂಗ್ಲಿಷ್ ಜೊತೆಗೆ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್ ಹೇಳಿತ್ತು.

ಈಗ ಆ ಫಲಕದ ಕೆಲಸವನ್ನು ಶೇರ್‌ಪಾಯಿಂಟ್‌ನಂಥ ತಂತ್ರಾಂಶದ ಮೆನು ಮಾಡುತ್ತಿದೆ. ಅದರಲ್ಲಿ ಲಿಂಕ್ ಸೇರಿಸಬಹುದು, ಹೆಸರು ಬದಲಿಸಬಹುದು, ಮೂರು ಹಂತದವರೆಗೆ ಜೋಡಿಸಬಹುದು. ಯಾವ ಗುಂಪಿಗೆ ಯಾವ ಲಿಂಕ್ ಕಾಣಬೇಕೆಂದೂ ನಿಗದಿ ಮಾಡಬಹುದು. ಆದರೆ ಲಿಂಕ್ ಮರೆಮಾಡಿದ ಮಾತ್ರಕ್ಕೆ ಕಡತಕ್ಕೆ ಬೀಗ ಬೀಳುವುದಿಲ್ಲ. ನೋಡುವ ಅನುಮತಿಯನ್ನು ಬೇರೆಯಾಗಿಯೇ ನಿಗದಿಪಡಿಸಬೇಕು.

ತೊಡಕು ತಂತ್ರಜ್ಞಾನದ್ದಲ್ಲ. ಮೆನುವನ್ನು ವಿಭಾಗಗಳ ಹೆಸರಿನಲ್ಲಿ ಕಟ್ಟಿದರೆ ಆಡಳಿತಕ್ಕೆ ಸುಲಭ, ಹುಡುಕುವವರಿಗೆ ಕಷ್ಟ. ಊರಿಂದ ಫೋನ್ ಬಂದು ರಾತ್ರೋರಾತ್ರಿ ಹೊರಡಬೇಕಾದವರಿಗೆ 'ರಜೆ' ಎಂಬ ಪದ ಬೇಕು, ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಸೇರಿಸುವವರಿಗೆ 'ವಿಮೆ' ಎಂಬ ಪದ. 'ಎಚ್‌ಆರ್ ಆಪರೇಷನ್ಸ್' ಎಂಬುದರ ಒಳಗೆ ಅವೆರಡೂ ಅಡಗಿರುತ್ತವೆಂದು ಹೊಸಬರಿಗೆ ಹೇಗೆ ಗೊತ್ತಾಗಬೇಕು?

ಇದು ಬರೀ ಅನುಕೂಲದ ಮಾತಲ್ಲ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ಆಂತರಿಕ ಸಮಿತಿ ರಚಿಸಿದ ಆದೇಶ ಕೆಲಸದ ಸ್ಥಳದಲ್ಲಿ ಎದ್ದು ಕಾಣುವಂತಿರಬೇಕು. ಕಚೇರಿಯ ಗೋಡೆಗೆ ಅಂಟಿಸಿದ ಹಾಳೆ ಮನೆಯಿಂದ ದುಡಿಯುವವರಿಗೆ ಕಾಣುವುದಿಲ್ಲ. ಅವರಿಗೆ ಮೆನುವೇ ಗೋಡೆ.

ಹಾಗಾಗಿ ಮೆನು ರೂಪಿಸುವಾಗ ರಜೆ, ಸಂಬಳ, ವಿಮೆ, ದೂರು ಇವು ಮೊದಲ ಹಂತದಲ್ಲೇ ಇರಲಿ. ಮೊನ್ನೆ ಸೇರಿದವರನ್ನು ಕೂರಿಸಿ, ಯಾರನ್ನೂ ಕೇಳದೆ ಅವನ್ನು ಹುಡುಕಲು ಹೇಳಿ. ಅವರಿಗೆ ಸಿಗದಿದ್ದರೆ ಆ ಮೆನು ಇನ್ನೂ ಮುಗಿದಿಲ್ಲ.