ಚೊಗರಿನ ಬಣ್ಣವೂ ಹಸಿರೆಂಬ ಬಣ್ಣವೂ

ಬಟ್ಟೆಗೂ ಕಾಡಿಗೂ ಏನು ಸಂಬಂಧವೆಂದು ಕೇಳುವವರು ಇನ್ನೂ ಇದ್ದಾರೆ. ನಮ್ಮ ಸೀಮೆಯವರಂತೂ ಈ ಪ್ರಶ್ನೆಯನ್ನು ಕೇಳಬಾರದು. 1980ರ ದಶಕದಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯ ಹೆಸರಿನಲ್ಲಿ ಹಳ್ಳಿಗಳ ಸಾಮೂಹಿಕ ಭೂಮಿಗೆ ನೀಲಗಿರಿ ನುಗ್ಗಿದ್ದು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ ತಿರುಳು ಒದಗಿಸಲೆಂದು. ಆ ತಿರುಳಿನಿಂದ ಆಗುವುದು ರೇಯಾನ್ ನೂಲು, ಅಂದರೆ ಬಟ್ಟೆ. 1987ರ ನವೆಂಬರ್ 14ರಂದು ಕುಸನೂರಿನ ರೈತರು, ಹೆಂಗಸರು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಹೂಡಿ ನೀಲಗಿರಿಯನ್ನು ಕಿತ್ತರು, ಉಪಯುಕ್ತ ಸಸಿಗಳನ್ನು ನೆಟ್ಟರು. ಅಂದು ಅವರು ಕಿತ್ತದ್ದು ಯಾರದೋ ಅಂಗಿಯ ಬೇರನ್ನು.

ಇಂದು ಅದೇ ಮರದ ನೂಲು ‘ಸಸ್ಯಮೂಲದ್ದು’, ‘ಪ್ರಕೃತಿಸ್ನೇಹಿ’ ಎಂಬ ಚೀಟಿ ಅಂಟಿಸಿಕೊಂಡು ನಗರದ ಮಳಿಗೆಗಳಲ್ಲಿ ತೂಗಾಡುತ್ತಿದೆ. ಯಾವ ನೆಲದ ಮರ, ಯಾವ ನದಿಗೆ ಬಿಟ್ಟ ನೀರು ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ. ಪಾಲಿಯೆಸ್ಟರಿನ ಮಾತಂತೂ ಬೇಡ. ಅದು ಪೆಟ್ರೋಲಿಯಮ್ಮಿನ ಕೂಸು, ಪ್ರತಿ ಒಗೆತದಲ್ಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ನಮ್ಮ ಹಳ್ಳಕ್ಕೇ ಬಿಡುತ್ತದೆ. ಹಾಗಾದರೆ ಕಡಿಮೆ ಕಸದ, ಬಾಳಿಕೆಯ ಬಟ್ಟೆ ಎಂದರೆ ಯಾವುದು? ಉತ್ತರಕ್ಕಾಗಿ ಯುರೋಪಿನ ಪ್ರಮಾಣಪತ್ರಗಳನ್ನು ತಡಕಬೇಕಾಗಿಲ್ಲ.

ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ, 1990ರ ದಶಕದಲ್ಲಿ ‘ಚರಕ’ ಎಂಬ ಮಹಿಳಾ ಸಹಕಾರ ಸಂಘ ಹುಟ್ಟಿತು. ಅದರ ಬಟ್ಟೆ ‘ದೇಸಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಇಂಥ ಸಂಸ್ಥೆಯ ಬಣ್ಣದ ಮನೆಯನ್ನು ಗಮನಿಸಿ. ಎಳೆ ಅಡಿಕೆಯನ್ನು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರು ನಮಗೆಲ್ಲ ಗೊತ್ತು. ಕೈಗೆ ಮೆತ್ತಿದರೆ ವಾರಗಟ್ಟಲೆ ಹೋಗದು. ಆ ಒಗರೇ ಬಣ್ಣದ ಗುಟ್ಟು. ಸ್ಫಟಿಕದ ನೀರು ಕುಡಿದ ನೂಲಿಗೆ ಅದು ಕೆಂಗಂದು ಕೊಡುತ್ತದೆ, ಕಬ್ಬಿಣದ ನೀರು ಸೇರಿದರೆ ಬೂದು, ಕಪ್ಪು. ದಾಳಿಂಬೆ ಸಿಪ್ಪೆಯಿಂದ, ಹಲಸಿನ ಮರದ ಚಕ್ಕೆಯಿಂದ ಹಳದಿ ಬರುತ್ತದೆ. ಒಂದು ಕಸುಬಿನ ಉಳಿಕೆ ಇನ್ನೊಂದು ಕಸುಬಿನ ಬಂಡವಾಳವಾಗುವುದು ಹೀಗೆ.

ಇನ್ನು ಕತ್ತರಿಯ ವಿಷಯ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವಾಗಲೇ ನೂರಕ್ಕೆ 10ರಿಂದ 15 ಪಾಲು ಚಿಂದಿಯಾಗುತ್ತದೆಂಬುದು ಆ ಉದ್ಯಮದವರೇ ಒಪ್ಪುವ ಲೆಕ್ಕ. ಸೀರೆಗೆ, ಪಂಚೆಗೆ ಕತ್ತರಿಯೇ ಬೇಡ. ಹಳೆಯ ಜುಬ್ಬಾದ ಜಾಣ್ಮೆಯನ್ನು ನೋಡಿ: ಮೈಗೊಂದು ಚೌಕ, ತೋಳಿಗೆ ಎರಡು ಚೌಕ, ಬಗಲಿಗೊಂದು ಪಟ್ಟಿ, ಇಕ್ಕೆಲಕ್ಕೆ ತ್ರಿಕೋನದ ಕಳಿ. ಕಳಿಗಳನ್ನು ಒಂದಕ್ಕೊಂದು ತಲೆಕೆಳಗಾಗಿಟ್ಟು ಕತ್ತರಿಸಿದರೆ ನೆಲಕ್ಕೆ ಬೀಳುವುದು ಕೊರಳಿನ ತುಂಡು ಮಾತ್ರ. ಆ ತುಂಡೂ ಕೌದಿಗೆ ಆಯಿತು. ಯಲ್ಲಾಪುರ, ಹಳಿಯಾಳದ ಸಿದ್ದಿ ಮಹಿಳೆಯರ ಕೌದಿಗಳನ್ನು ಇಂದು ಕಲಾವಸ್ತುವೆಂದು ಮೆಚ್ಚುವವರಿದ್ದಾರೆ, ಮೆಚ್ಚಲಿ. ಆದರೆ ಈಗ ವಿನ್ಯಾಸಶಾಲೆಗಳಲ್ಲಿ ‘ಶೂನ್ಯ ತ್ಯಾಜ್ಯ’ ಎಂದು ಹೇಳಿಕೊಡುವುದನ್ನು ಅವರ ಅಜ್ಜಿಯರು ಶುಲ್ಕವಿಲ್ಲದೆ ಕಲಿತಿದ್ದರು.

ದೌರ್ಬಲ್ಯಗಳನ್ನು ಮುಚ್ಚಿಡುವುದು ಚಳವಳಿಗೆ ಸಲ್ಲದು. ಹತ್ತಿ ಮಲೆನಾಡಿನ ಬೆಳೆಯಲ್ಲ; ಬಯಲುಸೀಮೆಯಿಂದ ಬರಬೇಕು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕ ಮೇಲೆ ದೇಶದ ಹತ್ತಿಯ ಹೊಲಗಳ ಬಹುಪಾಲು ಅದರ ವಶವಾಗಿದೆ. ಬಣ್ಣ ಕುದಿಸಲು ಸೌದೆ ಬೇಕು. ಆ ಸೌದೆ ಎಲ್ಲಿಯದೆಂದು ಕೇಳುವ ಹಕ್ಕು ನಮಗಿದೆ. ‘ನೈಸರ್ಗಿಕ’ ಎಂದು ಹೇಳಿಕೊಂಡು ಮೈಲುತುತ್ತದಲ್ಲಿ ನೂಲು ಅದ್ದುವವರೂ ಇದ್ದಾರೆ, ಆ ನೀರು ತೋಡಿಗೆ ಹರಿದರೆ ರಾಸಾಯನಿಕ ಬಣ್ಣವನ್ನು ಬೈಯುವ ನೈತಿಕತೆ ಎಲ್ಲಿ ಉಳಿಯಿತು? ಆದರೆ ಈ ಪ್ರಶ್ನೆಗಳನ್ನು ನೇಕಾರರ ಮುಂದೆ ಕುಳಿತು ಕೇಳಬಹುದು, ಉತ್ತರ ಪಡೆಯಬಹುದು. ದೊಡ್ಡ ಕಂಪನಿಯ ಬಾಗಿಲಲ್ಲಿ ಕಾವಲುಗಾರನನ್ನು ಬಿಟ್ಟು ಇನ್ನಾರೂ ನಮಗೆ ಸಿಗುವುದಿಲ್ಲ.

ಸರ್ಕಾರದ ನಡೆಯಾದರೂ ಹೇಗಿದೆ? 2015ರಲ್ಲಿ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಘೋಷಿಸಲಾಯಿತು. 2020ರಲ್ಲಿ ಆ ದಿನಾಚರಣೆಗೆ ಎರಡು ವಾರವೂ ಇಲ್ಲದಿರುವಾಗ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದುಪಡಿಸಲಾಯಿತು. ಅದೇ ವರ್ಷ, ಕೊರೋನಾದ ಹೊಡೆತಕ್ಕೆ ಮಾರಾಟ ನಿಂತು, ನೆಚ್ಚಿದ ಸರ್ಕಾರಿ ನೆರವೂ ಕೈಗೆ ಬಾರದೆ, ಚರಕ ಸಂಸ್ಥೆ ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಹೇಳಬೇಕಾಯಿತು. ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು 2017ರಲ್ಲಿ ಪ್ರಸನ್ನ ಮತ್ತು ಸಂಗಾತಿಗಳು ಸತ್ಯಾಗ್ರಹವನ್ನೇ ಮಾಡಿದ್ದರು. ಅದಕ್ಕೆ ಎಂಟು ವರ್ಷಗಳ ಬಳಿಕ, 2025ರ ಸೆಪ್ಟೆಂಬರ್ 22ರಿಂದ, ಕೃತಕ ನಾರಿನ ಮೇಲಿನ ಜಿಎಸ್‌ಟಿ 18ರಿಂದ 5 ಪ್ರತಿಶತಕ್ಕೆ, ಕೃತಕ ನೂಲಿನ ಮೇಲಿನದು 12ರಿಂದ 5ಕ್ಕೆ ಇಳಿಯಿತು. ಹತ್ತಿ ನೂಲಿಗಿದ್ದ ಅಲ್ಪ ಅನುಕೂಲವೂ ಹೋಯಿತು. ತಕ್ಕಡಿಯ ಯಾವ ತಟ್ಟೆಯ ಮೇಲೆ ಬೆರಳು ಇದೆಯೆಂದು ಬಿಡಿಸಿ ಹೇಳಬೇಕೆ?

ದುಬಾರಿ ಎಂಬ ದೂರು ಉಳಿಯಿತು. ನಿಜ, ಕೈಮಗ್ಗದ ಅಂಗಿಗೆ ಹೆಚ್ಚು ಬೆಲೆಯಿದೆ. ಅದರಲ್ಲಿ ನೂಲಿನ ಬೆಲೆಯೊಂದಿಗೆ ನೇಯ್ದವಳ, ಬಣ್ಣ ಹಾಕಿದವಳ, ಹೊಲಿದವಳ ದಿನಗೂಲಿಯೂ ಸೇರಿದೆ. ಅಗ್ಗದ ಅಂಗಿಯಲ್ಲಿ ಆ ಕೂಲಿಯನ್ನು ಯಾರೋ ಬಿಟ್ಟುಕೊಟ್ಟಿದ್ದಾರೆ, ಬಣ್ಣದ ನೀರನ್ನು ಯಾವುದೋ ನದಿ ಕುಡಿದಿದೆ. ಆದರೂ ಒಂದು ವಿಪರ್ಯಾಸ ನಮ್ಮ ಮುಖಕ್ಕೇ ರಾಚುತ್ತದೆ: ನಮ್ಮೂರ ಹೆಣ್ಣುಮಕ್ಕಳು ನೇಯ್ದದ್ದು ಬೆಂಗಳೂರಿನ ಬುದ್ಧಿವಂತರ ಮೈಮೇಲಿದೆ, ಸೂರತ್ತಿನ ಪಾಲಿಯೆಸ್ಟರ್ ಸೀರೆ ನಮ್ಮೂರಿನ ಮದುವೆ ಮನೆಯಲ್ಲಿ ಹೊದಿಕೆಯ ಕಾಣಿಕೆಯಾಗಿದೆ. ಪೇಟೆಯವರ ಅಭಿರುಚಿಯ ಮೇಲೆ ಮಾತ್ರ ನಿಂತ ಕಸುಬು ಆ ಅಭಿರುಚಿ ಬದಲಾದ ದಿನ ಬೀಳುತ್ತದೆ. ವರ್ಷಕ್ಕೆ ಮೂರು ಅಗ್ಗದ ಅಂಗಿ ಕೊಳ್ಳುವವರು ಒಂದು ಗಟ್ಟಿ ಅಂಗಿಯನ್ನು ಕೊಂಡು ತೇಪೆ ಹಾಕಿ ಉಡಲಾರರೆ? ತೇಪೆಯ ಅಂಗಿ ತೊಟ್ಟು ಕಾಲೇಜಿಗೆ ಹೋಗಲು ನಾಚುವ ವಿದ್ಯಾರ್ಥಿಮಿತ್ರರು, ಹೊಸತಾಗಿ ಹರಿದ ಜೀನ್ಸಿಗೆ ಸಾವಿರಾರು ರೂಪಾಯಿ ಕೊಡುವುದೇಕೆಂದು ತಾವೇ ಹೇಳಲಿ.

ಬರುವ ಗ್ರಾಮಸಭೆಗಳಲ್ಲಿ ಎರಡು ಠರಾವು ಆಗಬೇಕು. ವಿದ್ಯಾವಿಕಾಸ ಯೋಜನೆಯಡಿ ನಮ್ಮ ತಾಲ್ಲೂಕಿನ ಶಾಲೆಗಳಿಗೆ ಬರುವ ಸಮವಸ್ತ್ರದ ಬಟ್ಟೆಯಲ್ಲಿ ಒಂದು ಪಾಲನ್ನಾದರೂ ಇಲ್ಲಿನ ಮಗ್ಗಗಳಿಂದಲೇ ಕೊಳ್ಳಬೇಕು. ಕೊಂಡದ್ದರ ಹಣವನ್ನು ಬಾಕಿಯಿಡದೆ ಪಾವತಿಸಬೇಕು. ಠರಾವಿನ ಪ್ರತಿಯನ್ನು ಶಾಸಕರಿಗೂ ಕಳುಹಿಸಿ. ಅಡಿಕೆ ಬೇಯಿಸುವ ಮನೆಯವರಲ್ಲಿ ಇನ್ನೊಂದು ವಿನಂತಿ: ಸುಗ್ಗಿ ಮುಗಿದ ಮೇಲೆ ಉಳಿಯುವ ಚೊಗರನ್ನು ಹಳ್ಳಕ್ಕೆ ಚೆಲ್ಲದೆ ಕೊಡದಲ್ಲಿ ತುಂಬಿಡಿ, ಹತ್ತಿರದ ಬಣ್ಣದ ಮನೆಗೆ ಹೇಳಿ ಕಳುಹಿಸಿ.