ಒಂಬತ್ತು ಅಂಕದ ಗೇಮು, ನಮ್ಮ ಮನೆಯ ಕಂಪ್ಯೂಟರು

ಕಳೆದ ರಜೆಯಲ್ಲಿ ನಾವು ಮೂವರು ಗೆಳೆಯರು ಸೇರಿ ಒಂದು ಗೇಮ್ ಕೊಂಡೆವು. ಬೆಲೆ 3,999 ರೂಪಾಯಿ. ತಲೆಗೆ 1,333. ಒಬ್ಬ ಹಾಕಿದ್ದು ಪೆರ್ನಾಲ್ ಕಾಸು. ಇನ್ನೊಬ್ಬ ಹಾಕಿದ್ದು ತನ್ನ ಮಾಮನ ಅಂಗಡಿಯಲ್ಲಿ ಒಂದು ತಿಂಗಳು ನಿಂತು ದುಡಿದದ್ದು. ನನ್ನದು ಪುಸ್ತಕಕ್ಕೆಂದು ಉಮ್ಮನಿಂದ ತೆಗೆದುಕೊಂಡು ಉಳಿಸಿದ್ದು. (ಉಮ್ಮ ಇದನ್ನು ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.) ಗೇಮ್ ಆಯ್ಕೆ ಮಾಡಿದ್ದು ನಾನು. ಅಂಗಡಿಯಲ್ಲಿ ದುಡಿದ ಗೆಳೆಯ, "ಇಷ್ಟು ದುಡ್ಡು ಹಾಕೋದು ಸರಿಯಾ?" ಎಂದು ಎರಡು ಸಲ ಕೇಳಿದ್ದ. ನಾನು ಮೊಬೈಲ್ ತೆಗೆದು ಅವನ ಮುಖದ ಮುಂದೆ ಹಿಡಿದೆ: "ನೋಡು, ಹತ್ತಕ್ಕೆ ಒಂಬತ್ತು." ಅಲ್ಲಿಗೆ ಮಾತು ಮುಗಿಯಿತು.

ನಮ್ಮ ಮನೆಯದ್ದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1650. ಗೇಮ್‌ಗೆ ಕನಿಷ್ಠ ಏನೇನು ಬೇಕು ಎಂಬ ಪಟ್ಟಿಯಲ್ಲಿ ನಾವು ಅಂಚಿನಲ್ಲಿ ಪಾಸಾಗಿದ್ದೆವು. ಆದರೆ ಗೇಮ್ ಓಡಲಿಲ್ಲ, ತೆವಳಿತು. ಊರಿನ ದೃಶ್ಯ ಬಂದರೆ ಚಿತ್ರ ನಿಂತುಬಿಡುತ್ತಿತ್ತು, ಅರ್ಧ ಗಂಟೆಗೊಮ್ಮೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದಿತ್ತು. ಸೆಟ್ಟಿಂಗ್ಸ್ ಅದಲುಬದಲು ಮಾಡುತ್ತಾ ಕೂತದ್ದರಲ್ಲೇ ಆ ಎರಡು ಗಂಟೆ ಮುಗಿದುಹೋಗಿತ್ತು.

"ವಿಮರ್ಶಕರೆಲ್ಲ ದುಡ್ಡು ತಿಂದು ಬರೆಯೋರು" ಎಂದು ಮೊದಲನೇ ಗೆಳೆಯ ತೀರ್ಪು ಕೊಟ್ಟ. ನಾನೂ ಕೆಲವು ದಿನ ಹಾಗೇ ಹೇಳಿಕೊಂಡು ತಿರುಗಿದೆ. ಹಾಗೆ ಹೇಳಿದರೆ ನನ್ನ ತಪ್ಪು ಕಡಿಮೆಯಾಗುತ್ತಿತ್ತು ನೋಡಿ. ಆಮೇಲೆ ಈ ಅಂಕಗಳು ಹೇಗೆ ಹುಟ್ಟುತ್ತವೆ ಎಂದು ಹುಡುಕಿ ಓದತೊಡಗಿದೆ. ವಿಷಯ ಅಷ್ಟು ಸರಳವಾಗಿಲ್ಲ.

ಎಲ್ಲರಿಗೂ ಗೊತ್ತಿರುವ ಉದಾಹರಣೆ ಸೈಬರ್‌ಪಂಕ್ 2077. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ಅದನ್ನು 2012ರಲ್ಲಿ ಘೋಷಿಸಿತ್ತು. 2020ರ ಏಪ್ರಿಲ್‌ನಲ್ಲಿ ಬರಬೇಕಾದದ್ದು ಮೂರು ಸಲ ಮುಂದೆ ಹೋಗಿ ಡಿಸೆಂಬರ್ 10ಕ್ಕೆ ಬಂತು. ಬರುವ ಮೊದಲೇ 80 ಲಕ್ಷ ಪ್ರತಿಗಳಿಗೆ ಮುಂಗಡ ಬುಕಿಂಗ್ ಆಗಿತ್ತು. ಡಿಸೆಂಬರ್ 7ರಂದು ವಿಮರ್ಶೆಗಳು ಹೊರಬಂದವು, ಸರಾಸರಿ 90ರ ಆಸುಪಾಸು. ಜನ ಕುಣಿದಾಡಿದರು.

ಆದರೆ ಆ ವಿಮರ್ಶಕರು ಆಡಿದ್ದು ಯಾವುದರಲ್ಲಿ? ಎಲ್ಲರೂ ಪಿಸಿಯಲ್ಲಿ. ಕಂಪನಿ ಕೊಟ್ಟದ್ದೇ ಪಿಸಿ ಪ್ರತಿ. ಪಿಎಸ್4, ಎಕ್ಸ್‌ಬಾಕ್ಸ್ ಒನ್ ಪ್ರತಿಗಳನ್ನು ಬಿಡುಗಡೆಗೆ ಮೊದಲು ಕೊಡಲೇ ಇಲ್ಲ. ಇನ್ನೊಂದು ಷರತ್ತೂ ಇತ್ತು: ಆ ಮೊದಲ ವಿಮರ್ಶೆಗಳ ವಿಡಿಯೋದಲ್ಲಿ ವಿಮರ್ಶಕರು ತಾವು ಆಡಿದ ದೃಶ್ಯ ತೋರಿಸುವಂತಿಲ್ಲ, ಕಂಪನಿಯೇ ಕೊಟ್ಟ ದೃಶ್ಯಗಳನ್ನು ಮಾತ್ರ ಬಳಸಬೇಕು. ಮದುವೆ ಊಟದ ರುಚಿ ಹೇಗಿತ್ತು ಎಂದು ಬರೆಯಿರಿ, ಆದರೆ ತಟ್ಟೆಯ ಫೋಟೋ ನಾವೇ ಕೊಡುತ್ತೇವೆ ಎಂದ ಹಾಗೆ.

ಮೂರು ದಿನದ ನಂತರ ಪಿಎಸ್4 ಇದ್ದವರು ಡಿಸ್ಕ್ ಹಾಕಿದರು. ಮುಖಗಳು ಮಸುಕು, ರಸ್ತೆಯಲ್ಲಿ ಗಾಡಿಗಳು ಮಾಯ, ಗೇಮ್ ಪದೇ ಪದೇ ಕ್ರ್ಯಾಶ್. ಒಂದು ವಾರ ಕಳೆದಾಗ ಸೋನಿ ಕಂಪನಿ ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದ ಅದನ್ನು ತೆಗೆದುಹಾಕಿ, ಕೊಂಡವರಿಗೆ ಹಣ ವಾಪಸ್ ಕೊಡುತ್ತೇನೆ ಎಂದಿತು. ಅದು ಮತ್ತೆ ಆ ಸ್ಟೋರ್‌ಗೆ ಬಂದದ್ದು 2021ರ ಜೂನ್‌ನಲ್ಲಿ. ಐಜಿಎನ್ ಎಂಬ ದೊಡ್ಡ ವಿಮರ್ಶಾ ತಾಣ ಪಿಸಿ ಪ್ರತಿಗೆ 9 ಕೊಟ್ಟಿತ್ತು, ಆಮೇಲೆ ಹಳೆಯ ಕನ್ಸೋಲ್‌ಗಳ ಪ್ರತಿ ಆಡಿ ನೋಡಿ 4 ಕೊಟ್ಟಿತು. ಒಂದೇ ಗೇಮ್, ಒಂದೇ ತಾಣ, 9 ಮತ್ತು 4. ಎರಡೂ ಪ್ರಾಮಾಣಿಕ ಅಂಕಗಳೇ ಎಂದು ನನ್ನ ನಂಬಿಕೆ. ಆದರೆ ಮುಂಗಡ ಹಣ ಕಟ್ಟಿದವರ ಕಣ್ಣಿಗೆ ಬಿದ್ದದ್ದು ಮೊದಲನೆಯದು ಮಾತ್ರ.

ಗೇಮ್‌ಸ್ಪಾಟ್ ತಾಣದ ವಿಮರ್ಶಕಿಯೊಬ್ಬರು ಅದೇ ಸೈಬರ್‌ಪಂಕ್‌ಗೆ 7 ಕೊಟ್ಟಿದ್ದರು. ಅದಕ್ಕೆ ಅವರಿಗೆ ಸಿಕ್ಕಿದ್ದು ಬೈಗುಳ. ಬೈದವರಲ್ಲಿ ಆಗಿನ್ನೂ ಆ ಗೇಮ್ ಆಡಿದವರು ಇರಲಿಲ್ಲ, ಏಕೆಂದರೆ ಅದು ಮಾರಾಟಕ್ಕೇ ಬಂದಿರಲಿಲ್ಲ! ಹೀಗಾದರೆ ಮುಂದಿನ ಸಲ ಯಾವ ವಿಮರ್ಶಕ ತಾನೇ ಧೈರ್ಯವಾಗಿ 7 ಬರೆಯುತ್ತಾನೆ? ಕಂಪನಿಗಳನ್ನು ದೂರುವ ನಾವು ಈ ಭಾಗವನ್ನು ಮರೆತುಬಿಡುತ್ತೇವೆ.

ಈಗ ದುಡ್ಡಿನ ಮಾತಿಗೆ ಬರೋಣ. ಒತ್ತಡ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. 2007ರಲ್ಲಿ ಇದೇ ಗೇಮ್‌ಸ್ಪಾಟ್‌ನ ಸಂಪಾದಕ ಜೆಫ್ ಗರ್ಸ್ಟ್‌ಮನ್ ಎಂಬವರು ಕೇನ್ ಅಂಡ್ ಲಿಂಚ್ ಎಂಬ ಗೇಮ್‌ಗೆ 6 ಅಂಕ ಕೊಟ್ಟರು. ಆಗ ಆ ತಾಣದ ತುಂಬ ಅದೇ ಗೇಮ್‌ನ ಜಾಹೀರಾತು. ಸ್ವಲ್ಪ ದಿನದಲ್ಲೇ ಅವರ ಕೆಲಸ ಹೋಯಿತು. ಜಾಹೀರಾತು ಕೊಟ್ಟವರ ಒತ್ತಡಕ್ಕೂ ಕೆಲಸ ಹೋದದ್ದಕ್ಕೂ ಸಂಬಂಧ ಇತ್ತು ಎಂಬುದನ್ನು ಅವರು ಬಹಿರಂಗವಾಗಿ ಹೇಳಲು ಸಾಧ್ಯವಾದದ್ದು 2012ರಲ್ಲಿ. ಆದರೆ ಈ ಕಥೆಯನ್ನು ಇನ್ನೊಂದು ಕಡೆಯಿಂದಲೂ ನೋಡಿ. ಆ ಮನುಷ್ಯ 6 ಕೊಟ್ಟಿದ್ದರಲ್ಲ! ಕೊಂಡುಕೊಳ್ಳಲು ಆಗಿದ್ದರೆ ಅದು 9 ಆಗಿರುತ್ತಿತ್ತು. 2023ರಲ್ಲಿ ಮೈಕ್ರೋಸಾಫ್ಟ್‌ನಂಥ ಕಂಪನಿಯ ರೆಡ್‌ಫಾಲ್ ಬಂದಾಗ ವಿಮರ್ಶಕರ ಸರಾಸರಿ 60 ಮುಟ್ಟಲಿಲ್ಲ. ದುಡ್ಡಿನಿಂದ ಅಂಕ ಬರುವುದಾದರೆ ಮೈಕ್ರೋಸಾಫ್ಟ್‌ಗೆ ದುಡ್ಡಿಗೇನು ಕೊರತೆ?

ಹಾಗಾಗಿ "ದುಡ್ಡು ತಿಂದವರು" ಎಂಬ ಮಾತನ್ನು ನಾನು ಬಿಟ್ಟೆ. ನನಗೆ ಕಾಣುವ ತೊಂದರೆ ಬೇರೆ. ಪ್ರತಿ ಯಾವಾಗ ಕೊಡಬೇಕು, ಯಾವ ಯಂತ್ರದ ಪ್ರತಿ ಕೊಡಬೇಕು, ವಿಮರ್ಶೆ ಯಾವ ಗಂಟೆಗೆ ಹೊರಬರಬೇಕು, ಎಲ್ಲವೂ ಮಾರುವವನ ಕೈಯಲ್ಲಿದೆ. ವಿಮರ್ಶೆಯನ್ನು ಇಂಥ ಸಮಯದವರೆಗೆ ಪ್ರಕಟಿಸಬಾರದು ಎಂಬ ಕರಾರಿಗೆ ಎಂಬಾರ್ಗೊ ಎನ್ನುತ್ತಾರೆ. 2014ರ ನವೆಂಬರ್‌ನಲ್ಲಿ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ ಅಮೆರಿಕದಲ್ಲಿ ಮಧ್ಯರಾತ್ರಿ ಮಾರಾಟಕ್ಕೆ ಬಂತು. ವಿಮರ್ಶೆಗಳಿಗೆ ಅನುಮತಿ ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಆಸೆಪಟ್ಟವರೆಲ್ಲ ಕೊಂಡು ಆಗಿತ್ತು, ಗೇಮ್‌ನಲ್ಲಿ ಮುಖದ ಚರ್ಮವೇ ಇಲ್ಲದೆ ಬರೀ ಕಣ್ಣು ಹಲ್ಲು ತೇಲುವ ಪಾತ್ರಗಳನ್ನು ಕಂಡು ಬೆಚ್ಚಿಬಿದ್ದೂ ಆಗಿತ್ತು. ಕೊನೆಗೆ ಯೂಬಿಸಾಫ್ಟ್ ಕಂಪನಿ ಕ್ಷಮೆ ಕೇಳಿ ಒಂದು ಹೆಚ್ಚುವರಿ ಭಾಗವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿತು.

ಇನ್ನು ಅಂಕದ ಅಳತೆಗೋಲು. ನಮಗೆ ಪಿಯುಸಿಯಲ್ಲಿ ನೂರಕ್ಕೆ 60 ಬಂದರೆ ಫಸ್ಟ್ ಕ್ಲಾಸ್, ಮನೆಯಲ್ಲಿ ಸಿಹಿ ಹಂಚುತ್ತಾರೆ. ಗೇಮ್‌ಗೆ 60 ಬಂದರೆ ಅದರ ಕಥೆ ಮುಗಿಯಿತು. ವಿಮರ್ಶೆಗಳ ಸರಾಸರಿ ಲೆಕ್ಕ ಹಾಕುವ ಮೆಟಾಕ್ರಿಟಿಕ್ ತಾಣದಲ್ಲಿ ಸಿನಿಮಾಗೆ 61 ಬಂದರೆ ಹಸಿರು ಬಣ್ಣ, ಗೇಮ್‌ಗೆ ಹಸಿರು ಬೇಕಾದರೆ 75 ಬರಬೇಕು. ಅಂದರೆ ನೂರರವರೆಗಿನ ಅಳತೆಗೋಲಿನಲ್ಲಿ ಬಳಕೆಯಲ್ಲಿರುವುದು ಕೊನೆಯ ಗೇಣು ಮಾತ್ರ. ಎಲ್ಲರಿಗೂ 8, 9 ಸಿಗುವಾಗ ಆ 9ಕ್ಕೆ ಏನು ಬೆಲೆ? ನಮ್ಮ ಇಂಟರ್ನಲ್ ಮಾರ್ಕ್ಸ್ ನೆನಪಾದರೆ ಅದು ನನ್ನ ತಪ್ಪಲ್ಲ.

ಇಂಥ ಕುರುಡು ಅಂಕಕ್ಕೆ ಜನರ ಸಂಬಳವೂ ತಗುಲಿಕೊಂಡಿದೆ. ಫಾಲ್ಔಟ್: ನ್ಯೂ ವೇಗಸ್ 2010ರಲ್ಲಿ ಬಂತು. ಮಾಡಿದ್ದು ಅಬ್ಸಿಡಿಯನ್ ಎಂಬ ಸ್ಟುಡಿಯೋ. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ನಮ್ಮಲ್ಲಿ 84 ಬಂದು ಡಿಸ್ಟಿಂಕ್ಷನ್ ತಪ್ಪಿಸಿಕೊಂಡವರಿಗೆ ಆ ನೋವು ಗೊತ್ತು. ಆದರೆ ನಮಗೆ ರೀವ್ಯಾಲ್ಯುಯೇಷನ್ ಉಂಟು, ಅವರಿಗೆ ಅದೂ ಇಲ್ಲ. ಇವತ್ತು ಅದೇ ಗೇಮನ್ನು ಆ ಸರಣಿಯಲ್ಲೇ ಅತ್ಯುತ್ತಮ ಎನ್ನುವವರು ಬಹಳ ಜನ.

ಹಾಗಾದರೆ ವಿಮರ್ಶಕರನ್ನು ಬಿಟ್ಟು ಆಡುವವರ ಅಂಕವನ್ನೇ ನಂಬೋಣ ಎನ್ನುತ್ತೀರಾ? 2020ರ ಜೂನ್ 19ರಂದು ದ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬಿಡುಗಡೆಯಾಯಿತು. ಆಡಿ ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕು. ಆದರೆ ಬಂದ ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಮೆಟಾಕ್ರಿಟಿಕ್‌ನಲ್ಲಿ ಸೊನ್ನೆ ಕೊಟ್ಟಾಗಿತ್ತು. ಕಥೆಯ ಬಗ್ಗೆ ಸಿಟ್ಟು. ಅದಕ್ಕೆ ಉತ್ತರವಾಗಿ ಇನ್ನು ಸಾವಿರಾರು ಜನ ಹತ್ತಕ್ಕೆ ಹತ್ತು ಕೊಟ್ಟರು. ಅದು ವಿಮರ್ಶೆಯಲ್ಲ, ಜಗಳ. ಇದಾದ ಮೇಲೆ ಮೆಟಾಕ್ರಿಟಿಕ್ ಹೊಸ ನಿಯಮ ತಂದಿತು: ಗೇಮ್ ಬಂದು 36 ಗಂಟೆ ಆಗುವವರೆಗೆ ಬಳಕೆದಾರರು ಅಂಕ ಕೊಡುವಂತಿಲ್ಲ. ನನಗೆ ಸ್ಟೀಮ್‌ನ ಕ್ರಮ ಇದಕ್ಕಿಂತ ವಾಸಿ ಅನಿಸುತ್ತದೆ. ಅಲ್ಲಿ ಬರೆಯುವವನ ಖಾತೆಯಲ್ಲಿ ಆ ಗೇಮ್ ಇರಬೇಕು, ಎಷ್ಟು ಗಂಟೆ ಆಡಿದ್ದಾನೆ ಎಂಬುದೂ ಅವನ ಮಾತಿನ ಜೊತೆಗೇ ಕಾಣುತ್ತದೆ.

ನಮ್ಮ 3,999 ರೂಪಾಯಿಯ ವಿಷಯಕ್ಕೆ ಮರಳುತ್ತೇನೆ. ಇದನ್ನು ಬರೆಯುವ ಮೊದಲು, ಗೆಳೆಯನಿಗೆ ತೋರಿಸಿದ ಆ ಒಂಬತ್ತು ಅಂಕದ ವಿಮರ್ಶೆಯನ್ನು ಮತ್ತೆ ತೆರೆದೆ. ಮತ್ತೆ ಎಂದು ಬರೆದದ್ದು ಸುಳ್ಳು. ಅಂದು ನಾನು ಅದನ್ನು ಓದಿರಲೇ ಇಲ್ಲ, ಕೆಳಗಿನ ಅಂಕ ಮಾತ್ರ ನೋಡಿದ್ದೆ. ಈ ಸಲ ಪೂರ್ತಿ ಓದಿದೆ. ಅರ್ಧ ದಾಟಿದ ಮೇಲೆ ಎರಡು ಸಾಲು ಇತ್ತು: ತಾನು ಆಡಿದ್ದು ದುಬಾರಿ ಕಾರ್ಡ್ ಇರುವ ಪಿಸಿಯಲ್ಲಿ, ಅದರಲ್ಲೂ ಊರಿನ ದೃಶ್ಯಗಳಲ್ಲಿ ಗೇಮ್ ತಡವರಿಸಿತು ಎಂದು ಆತ ಸ್ಪಷ್ಟವಾಗಿಯೇ ಬರೆದಿದ್ದ. ಅಂಥ ಕಾರ್ಡ್‌ನಲ್ಲೇ ತಡವರಿಸಿದ್ದು ನಮ್ಮ 1650ರಲ್ಲಿ ಏನಾದೀತು ಎಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ.

ಆ ಎರಡು ಸಾಲು ಸಣ್ಣ ಅಕ್ಷರದಲ್ಲಿ, 9 ಮಾತ್ರ ಅಂಗೈಯಗಲ. ಇಲ್ಲಿ ವಿಮರ್ಶಾ ತಾಣಗಳ ಮೇಲೆ ನನ್ನ ಸಿಟ್ಟು ಹೋಗಿಲ್ಲ. ಓದುಗ ಅಂಕ ನೋಡಿ ಹೊರಟುಬಿಡುತ್ತಾನೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಯಾವ ಯಂತ್ರದಲ್ಲಿ ಆಡಿದೆವು, ಯಾವ ಯಂತ್ರದಲ್ಲಿ ಆಡಿಲ್ಲ ಎಂಬುದನ್ನು ಆ ಅಂಕದ ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ ಹಾಕಲು ಅವರಿಗೇನು ಕಷ್ಟ? ಯೂರೋಗೇಮರ್ ಎಂಬ ತಾಣ 2015ರಲ್ಲಿ ಅಂಕ ಕೊಡುವುದನ್ನೇ ನಿಲ್ಲಿಸಿತ್ತು. 2023ರಲ್ಲಿ ಮತ್ತೆ ಐದು ನಕ್ಷತ್ರಗಳ ಪದ್ಧತಿಗೆ ಬಂತು. ಅಂಕ ಇಲ್ಲದೆ ಬದುಕುವುದು ಅವರಿಗೂ ಕಷ್ಟ ಅಂತ ಕಾಣುತ್ತದೆ.

ನಾನೀಗ ಬಂದ ದಿನವೇ ಯಾವ ಗೇಮನ್ನೂ ಕೊಳ್ಳುವುದಿಲ್ಲ. ಒಂದೆರಡು ತಿಂಗಳು ಕಾಯುತ್ತೇನೆ. ಅಷ್ಟರಲ್ಲಿ ನಮ್ಮಂಥದ್ದೇ ಕಾರ್ಡ್ ಇರುವ ಯಾರಾದರೂ ಆಡಿ ವಿಡಿಯೋ ಹಾಕಿರುತ್ತಾರೆ. ವಿಮರ್ಶೆಗಳಲ್ಲಿ 9 ಕೊಟ್ಟದ್ದನ್ನು ಬಿಟ್ಟು 6, 7 ಕೊಟ್ಟದ್ದನ್ನು ಮೊದಲು ಓದುತ್ತೇನೆ, ತೊಂದರೆಗಳನ್ನು ವಿವರವಾಗಿ ಬರೆದಿರುವುದು ಅವರೇ. ಕಾದರೆ ಬೆಲೆಯೂ ಇಳಿಯುತ್ತದೆ.

ಅಂಗಡಿಯಲ್ಲಿ ದುಡಿದ ಗೆಳೆಯ ನನಗೆ ಒಂದು ಮಾತೂ ಬೈಯಲಿಲ್ಲ. ಅದೇ ಕಷ್ಟವಾದದ್ದು. ಮನೆಗೆ ಆಡಲು ಬರುವುದನ್ನು ನಿಲ್ಲಿಸಿದ, ಅಷ್ಟೇ. ಅವನ 1,333ರಲ್ಲಿ ಈವರೆಗೆ 500 ವಾಪಸ್ ಕೊಟ್ಟಿದ್ದೇನೆ, ಉಳಿದದ್ದು ಬೇಡ ಎನ್ನುತ್ತಾನೆ, ನಾನು ಕೊಡುತ್ತೇನೆ ಎನ್ನುತ್ತೇನೆ. ಕಳೆದ ವಾರ ಅವನಿಂದಲೇ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಬಂತು. ಹೊಸದೊಂದು ಗೇಮ್, ಹತ್ತಕ್ಕೆ 9. ಕೆಳಗೆ ಅವನ ಪ್ರಶ್ನೆ: "ಇದು ಯಾವ ಪಿಸಿಯಲ್ಲಿ ಆಡಿ ಕೊಟ್ಟದ್ದು, ಬರೆದಿದ್ದಾನಾ ನೋಡು." ಇಬ್ಬರೂ ಕೂತು ಹುಡುಕಿದೆವು. ಬರೆದಿರಲಿಲ್ಲ.