ಬಿಲ ತೋರಿಸಿದವನು ಬಿಲ ಕೊರೆದವನಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಕಳೆದ ವಾರ ಪ್ರಕಟವಾದ ಪತ್ರವೊಂದರಲ್ಲಿ, ಗಣಕ ವ್ಯವಸ್ಥೆಗಳನ್ನು ಭೇದಿಸಿ ನೋಡಿ ಅವುಗಳ ದೋಷವನ್ನು ಒಡೆಯನಿಗೆ ತಿಳಿಸುವ ಎಥಿಕಲ್ ಹ್ಯಾಕಿಂಗ್ ಎಂಬ ವಿದ್ಯೆಯನ್ನು ಕಾಲೇಜುಗಳಲ್ಲಿ ಬೋಧಿಸುವುದು ಕಳ್ಳನಿಗೆ ಬೀಗದ ಕೈ ಕೊಟ್ಟಂತೆಯೇ ಸರಿ ಎಂದೂ, ಸರ್ಕಾರವು ಅದಕ್ಕಾಗಿ ಹಣ ವ್ಯಯಿಸುವುದು ಅವಿವೇಕವೆಂದೂ ಒಬ್ಬ ಮಹನೀಯರು ಅಭಿಪ್ರಾಯಪಟ್ಟಿದ್ದಾರೆ. ಅವರ ಆತಂಕವು ಪ್ರಾಮಾಣಿಕವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವರು ದೋಷವನ್ನು ವಿದ್ಯೆಯಲ್ಲಿ ಕಂಡಿದ್ದಾರೆ, ನನಗಾದರೋ ಅದು ಬೇರೆಡೆಯಲ್ಲಿ ಕಾಣುತ್ತಿದೆ. ಮೂರು ದಶಕಗಳ ಕಾಲ ಹೊಳಲ್ಕೆರೆ ತಾಲ್ಲೂಕಿನ ಶಾಲೆಗಳಲ್ಲಿ ಗಣಿತವನ್ನು ಹೇಳಿಕೊಟ್ಟು ಈಗ ತಾಳ್ಯದಲ್ಲಿ ನೆಲಸಿರುವ ನಾನು, ನನ್ನ ಮನೆಯ ಮಗುವೊಂದು ಈ ದಾರಿಯಲ್ಲಿ ನಡೆದು ಪಟ್ಟ ಪಾಡನ್ನು ಕಂಡಿರುವುದರಿಂದ, ಈ ಕೆಲವು ಮಾತುಗಳನ್ನು ಬರೆಯಬೇಕಾಗಿದೆ.

ಆ ಮಹನೀಯರ ಒಂದು ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ಆರು ವಾರಗಳಲ್ಲಿ ಹ್ಯಾಕರ್ ಆಗಿ ಲಕ್ಷ ರೂಪಾಯಿ ಸಂಬಳ ಪಡೆಯಬಹುದೆಂದು ಸಾರುವ ಜಾಹೀರಾತುಗಳು ಮೋಸವಲ್ಲದೆ ಬೇರಲ್ಲ. ಅಡಕೆ ಮಾರಿದ ಹಣವನ್ನು ಅಂಥ ತರಗತಿಗಳಿಗೆ ಸುರಿದು, ಒಂದು ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡ ಮನೆಗಳು ನಮ್ಮ ಹೋಬಳಿಯಲ್ಲಿಯೂ ಇವೆ. ಈ ವೃತ್ತಿಗೆ ಬೇಕಾದುದು ಯಂತ್ರಗಳು ಪರಸ್ಪರ ಸಂಭಾಷಿಸುವ ಕ್ರಮದ ಅರಿವು, ಲಿನಕ್ಸ್‌ನ ಒಡನಾಟ, ಪ್ರೋಗ್ರಾಂ ಬರೆಯುವ ಮತ್ತು ಅನ್ಯರು ಬರೆದುದನ್ನು ಓದುವ ತಾಳ್ಮೆ. ಇದೆಲ್ಲಕ್ಕೂ ಮಿಗಿಲಾಗಿ, ಕಂಡ ದೋಷವನ್ನು ಕಂಡಷ್ಟೇ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ತಿಳಿಯುವಂತೆ ಬರೆದು ಒಪ್ಪಿಸುವ ಶಕ್ತಿ. ಓಎಸ್‌ಸಿಪಿ ಎಂದು ಪ್ರಸಿದ್ಧವಾದ ಪರೀಕ್ಷೆಯಲ್ಲಿ ಅಭ್ಯರ್ಥಿಯು ಸುಮಾರು 24 ಗಂಟೆಗಳ ಕಾಲ ತನಗೆ ಒಪ್ಪಿಸಿದ ಯಂತ್ರಗಳನ್ನು ಭೇದಿಸಲು ಯತ್ನಿಸಿದ ಮೇಲೆ, ವರದಿಯನ್ನು ಬರೆಯಲೆಂದೇ ಅವನಿಗೆ ಮತ್ತೆ 24 ಗಂಟೆಗಳನ್ನು ಕೊಡುತ್ತಾರೆ. ಭೇದಿಸುವುದಕ್ಕೆ ಎಷ್ಟು ಕಾಲವೋ ನಿವೇದಿಸುವುದಕ್ಕೂ ಅಷ್ಟೇ ಕಾಲ. ಈ ವಿದ್ಯೆಯ ಧರ್ಮ ಅಡಗಿರುವುದು ಅಲ್ಲಿಯೇ ಎಂದು ನಾನು ತಿಳಿದಿದ್ದೇನೆ.

ಪತ್ರ ಬರೆದವರ ಮನಸ್ಸಿನಲ್ಲಿದ್ದುದು ಬಹುಶಃ 2019ರಲ್ಲಿ ನಮ್ಮ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದಿಂದ ಹನ್ನೊಂದೂವರೆ ಕೋಟಿ ರೂಪಾಯಿ ಅಪಹೃತವಾದ ಪ್ರಕರಣವಿರಬೇಕು. ಅದನ್ನು ನೆನೆಯುವವರು, ಅದಕ್ಕಿಂತ ಮೂರು ವರ್ಷ ಮೊದಲು ಇದೇ ರಾಜ್ಯದ ಬೆಂಗಳೂರಿನಲ್ಲಿದ್ದ ಆನಂದ್ ಪ್ರಕಾಶ್ ಎಂಬ ತರುಣನನ್ನೂ ನೆನೆಯಬೇಕು. ಫೇಸ್‌ಬುಕ್ಕಿನಲ್ಲಿ ಗುಪ್ತಪದ ಮರೆತವರಿಗೆ ಆರು ಅಂಕಿಗಳ ಸಂಕೇತವೊಂದನ್ನು ಕಳುಹಿಸುತ್ತಾರಷ್ಟೆ. ಮುಖ್ಯ ತಾಣದಲ್ಲಿ ಹತ್ತು ಹನ್ನೆರಡು ಬಾರಿ ತಪ್ಪಿದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದರೂ, ಪ್ರಯೋಗಾರ್ಥವಾಗಿದ್ದ ಅದರ ಇನ್ನೊಂದು ತಾಣದಲ್ಲಿ ಆ ಮಿತಿಯಿರಲಿಲ್ಲವಾಗಿ, ಯಾರ ಖಾತೆಯನ್ನಾದರೂ ತೆರೆಯುವುದು ಸಾಧ್ಯವಿತ್ತು. ಆತನು ಅದನ್ನು ತನ್ನ ಸ್ವಂತ ಖಾತೆಯ ಮೇಲೆಯೇ ಪ್ರಯೋಗಿಸಿ ಕಂಪನಿಗೆ ತಿಳಿಸಿದನು. ಕಂಪನಿಯು ದೋಷವನ್ನು ಕೂಡಲೆ ಸರಿಪಡಿಸಿ 15,000 ಡಾಲರುಗಳ ಬಹುಮಾನವನ್ನಿತ್ತಿತು. ಹಾಗೆ ತಿಳಿಸಲು ಅವನು ಅಂಜಬೇಕಾಗಿರಲಿಲ್ಲ. ಏಕೆಂದರೆ ಇಂತಿಂಥ ಮೇರೆಯೊಳಗೆ ಪರೀಕ್ಷಿಸಿ ನಮಗೆ ತಿಳಿಸಿದವರ ಮೇಲೆ ದಾವೆ ಹೂಡುವುದಿಲ್ಲವೆಂಬ ಲಿಖಿತ ವಚನವನ್ನು ಆ ಕಂಪನಿಯು ಮೊದಲೇ ಪ್ರಕಟಿಸಿತ್ತು.

ನಮ್ಮ ಹಿರಿಯರಿಗೆ ಈ ವಿವೇಕವು ಹೊಸದಾಗಿರಲಿಲ್ಲ. ಮಳೆಗಾಲಕ್ಕೆ ಮುನ್ನ ನೀರುಗಂಟಿಯು ಕೆರೆಯ ಏರಿಯ ಉದ್ದಕ್ಕೂ ನಡೆದು, ಹೆಗ್ಗಣವೋ ಏಡಿಯೋ ಕೊರೆದ ಬಿಲಗಳನ್ನು ಹುಡುಕಿ, ಏರಿಯ ಹೊರಮೈಯಲ್ಲಿ ಜಿನುಗು ಕಂಡರೆ ನಡುರಾತ್ರಿಯಲ್ಲಾದರೂ ಗೌಡರ ಮನೆಯ ಕದ ತಟ್ಟುತ್ತಿದ್ದನು. ಅವನೇನೋ ಊರು ನೇಮಿಸಿದ ಮನುಷ್ಯ; ತಮ್ಮ ವ್ಯವಸ್ಥೆಗಳನ್ನು ಭೇದಿಸಿ ಪರೀಕ್ಷಿಸಲೆಂದು ಕಂಪನಿಗಳು ಇಂದು ಸಂಬಳವಿತ್ತು ಇಟ್ಟುಕೊಳ್ಳುವ ಪೆಂಟೆಸ್ಟರುಗಳಂತೆ ಅವನಿಗೆ ಅಧಿಕಾರವಿತ್ತು. ಆದರೆ ಯಾರೂ ನೇಮಿಸದ ಕುರಿಕಾಯುವ ಹುಡುಗನೊಬ್ಬನು ಜಿನುಗನ್ನು ಕಂಡು ಕೂಗಿಕೊಂಡರೆ, ಏರಿಯ ಮೇಲೆ ನಿನಗೇನು ಕೆಲಸವಿತ್ತೆಂದು ಅವನನ್ನು ಕಟ್ಟಿಹಾಕಿದ ಊರನ್ನು ನಾನು ಕೇಳಿಲ್ಲ. ಜನ ಹಾರೆ ಗುದ್ದಲಿಗಳನ್ನು ಹಿಡಿದು ಮೊದಲು ಏರಿಗೆ ಓಡುತ್ತಿದ್ದರು.

ಈಗ ನನ್ನ ಅಣ್ಣನ ಮೊಮ್ಮಗನ ವಿಷಯ. ಅವನು ಕಂಪ್ಯೂಟರ್ ವಿಷಯದಲ್ಲಿ ಪದವಿ ಓದುತ್ತಿದ್ದಾಗ ವಿದ್ಯಾರ್ಥಿವೇತನದ ಅರ್ಜಿಯ ಸ್ಥಿತಿಯನ್ನು ನೋಡಲು ಜಾಲತಾಣವೊಂದನ್ನು ತೆರೆದನು. ಆ ಪುಟದ ವಿಳಾಸದ ಕೊನೆಯಲ್ಲಿ ಅರ್ಜಿಯ ಸಂಖ್ಯೆಯಿತ್ತು. ಅದನ್ನು ಬೆರಳಚ್ಚಿಸುವಾಗ ಒಂದು ಅಂಕಿ ತಪ್ಪಿದುದರಿಂದ, ಅವನು ಕಂಡರಿಯದ ಹೆಣ್ಣುಮಗಳೊಬ್ಬಳ ಅರ್ಜಿಯು, ಅವಳ ತಂದೆಯ ಬ್ಯಾಂಕ್ ಖಾತೆಯ ಸಂಖ್ಯೆ, ಜಾತಿ ಮತ್ತು ಆದಾಯದ ಪತ್ರಗಳ ಸಮೇತ ಅವನ ಮುಂದೆ ತೆರೆದುಕೊಂಡಿತು. ಆಕಸ್ಮಿಕವೇ ದೋಷವೇ ಎಂದು ತಿಳಿಯಲು ಇನ್ನೊಂದು ಸಂಖ್ಯೆಯನ್ನು ಹಾಕಿ ನೋಡಿ, ಅದೂ ತೆರೆದುಕೊಂಡ ಕೂಡಲೆ ಮುಚ್ಚಿ, ಮರುದಿನ ಸಂಬಂಧಪಟ್ಟ ಕಚೇರಿಗೆ ಹೋಗಿ ವಿವರಿಸಿದನು. ಅಲ್ಲಿದ್ದವರು ಕೇಳಿದ್ದು ಅದನ್ನು ಸರಿಪಡಿಸುವುದು ಹೇಗೆಂದಲ್ಲ, ನೀನು ಅದನ್ನು ನೋಡಿದ್ದೇಕೆಂದು. ಪೊಲೀಸರ ಹೆಸರೆತ್ತಿ ಹೆದರಿಸಿ, ಅವನ ತಂದೆಯನ್ನು ಕರೆಸಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಹುಡುಗನಿಂದ ಮುಚ್ಚಳಿಕೆಯನ್ನು ಬರೆಸಿಕೊಂಡರು. ಆ ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು, “ಅಜ್ಜಾ, ಬೀಗ ಹಾಕಿಲ್ಲ ಅಂತ ಹೇಳಾಕೆ ಹೋದ್ರೆ ಬೀಗ ಒಡೆದೋನೇ ನೀನು ಅಂದ್ರು” ಎಂದು ಅವನು ಹೇಳಿದುದು ಇಂದಿಗೂ ನನ್ನ ಕಿವಿಯಲ್ಲಿದೆ.

ಆ ಕಚೇರಿಯವರನ್ನಷ್ಟೇ ದೂರಿದರೆ ನ್ಯಾಯವಾಗದು. ಅವರ ಕೈಗೆ ಆ ಬೆತ್ತವನ್ನು ಕೊಟ್ಟಿರುವುದು ಶಾಸನವೇ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಪ್ರಕರಣದ ಮೇರೆಗೆ, ಒಡೆಯನ ಅಥವಾ ಮೇಲ್ವಿಚಾರಕನ ಅನುಮತಿಯಿಲ್ಲದೆ ಗಣಕ ವ್ಯವಸ್ಥೆಯೊಂದನ್ನು ಪ್ರವೇಶಿಸಿದವನು ಪರಿಹಾರ ತೆರಲು ಬಾಧ್ಯನು. ಅದೇ ಕಾರ್ಯವನ್ನು ಅಪ್ರಾಮಾಣಿಕತೆಯಿಂದಲೋ ವಂಚನೆಯಿಂದಲೋ ಮಾಡಿದರೆ, 66ನೆಯ ಪ್ರಕರಣದಂತೆ ಮೂರು ವರ್ಷದವರೆಗಿನ ಸೆರೆವಾಸ, ಐದು ಲಕ್ಷದವರೆಗಿನ ದಂಡ, ಅಥವಾ ಎರಡೂ. ಎಂದರೆ ಶಾಸನವು ಮನುಷ್ಯನ ಉದ್ದೇಶವನ್ನು ಎರಡನೆಯ ಮೆಟ್ಟಿಲಿನಲ್ಲಿ ಮಾತ್ರ ವಿಚಾರಿಸುತ್ತದೆ. ಮೊದಲನೆಯದರಲ್ಲಿ ದೋಷವನ್ನು ತಿಳಿಸಲೆಂದು ನೋಡಿದವನಿಗೆ ಯಾವ ವಿನಾಯಿತಿಯೂ ಇಲ್ಲ. ನಮ್ಮ ಹುಡುಗನು ಖಚಿತಪಡಿಸಿಕೊಳ್ಳಲೆಂದು ಹಾಕಿದ ಆ ಇನ್ನೊಂದು ಸಂಖ್ಯೆಯೇ ಸಾಕು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು ಇಂಥ ದೋಷಗಳ ವರದಿಗಳನ್ನು ಸ್ವೀಕರಿಸುತ್ತದೆ, ಅದು ಸ್ತುತ್ಯ. ಆದರೆ ಅಲ್ಲಿ ವರದಿಯನ್ನಿತ್ತ ಮಾತ್ರಕ್ಕೆ 43ನೆಯ ಪ್ರಕರಣದಿಂದ ರಕ್ಷಣೆ ದೊರೆಯುವುದಿಲ್ಲ.

ಇದರ ಫಲವೇನೆಂಬುದನ್ನು ವಿಚಾರಿಸಬೇಕು. ತಾಳ್ಯದ ಹುಡುಗನು ಮನೆಯಲ್ಲಿ ಕುಳಿತು, ಅಂಥ ಲಿಖಿತ ವಚನವನ್ನಿತ್ತ ಅಮೆರಿಕದ ಕಂಪನಿಯ ಗೋಡೆಯನ್ನು ನಿರ್ಭಯವಾಗಿ ಪರೀಕ್ಷಿಸಬಹುದು, ಬಹುಮಾನವನ್ನೂ ಪಡೆಯಬಹುದು. ಆದರೆ ತನ್ನ ತಾಯಿಯ ಪಿಂಚಣಿ, ತನ್ನ ತಂದೆಯ ಪಹಣಿ ಇವುಗಳನ್ನು ಕಾಯುವ ಗೋಡೆಯಲ್ಲಿ ಬಿರುಕು ಕಂಡರೆ ಕಣ್ಣು ಮುಚ್ಚಿಕೊಳ್ಳಬೇಕು. 2023ರಲ್ಲಿ ನಡೆದುದನ್ನು ನಾವು ಮರೆಯಬಾರದು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರಕ್ಕೆ ಹೆಬ್ಬೆಟ್ಟನ್ನೊತ್ತಿ ಬಂದವರ ಖಾತೆಗಳಿಂದ, ಯಾವ ಒಟಿಪಿಯೂ ಬಾರದೆ, ಆಧಾರ್ ಮೂಲಕದ ಪಾವತಿಯ ದಾರಿಯಲ್ಲಿ ಹಣ ಮಾಯವಾಯಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿದ್ದ ದಸ್ತಾವೇಜುಗಳ ಪ್ರತಿಗಳಲ್ಲಿ ಬೆರಳಚ್ಚುಗಳು ಸ್ಪಷ್ಟವಾಗಿ ಕಾಣುತ್ತಿದ್ದುದೇ ಕಳ್ಳರಿಗೆ ಸಾಧನವಾಗಿತ್ತು. ಹಾನಿಯಾದ ಮೇಲೆ ಅವನ್ನು ಮರೆಮಾಡಿದರು. ಅಂಥ ಪ್ರತಿಯನ್ನು ಕೈಯಲ್ಲಿ ಹಿಡಿದು, ಇದು ಅಪಾಯವಲ್ಲವೆ ಎಂದು ಮನಸ್ಸಿನಲ್ಲಿಯೇ ಅಂದುಕೊಂಡು ಸುಮ್ಮನಾದ ತರುಣರು ಈ ರಾಜ್ಯದಲ್ಲಿ ಒಬ್ಬರೂ ಇರಲಿಲ್ಲವೆಂದು ನಾನು ನಂಬಲಾರೆ.

ಅನ್ಯದೇಶಗಳು ಇದನ್ನು ಮನಗಂಡಿವೆ. ನೆದರ್ಲೆಂಡ್ಸ್ 2013ರಲ್ಲಿಯೇ ಇಂಥ ನಿವೇದನೆಗೆ ನಿಯಮಾವಳಿಯನ್ನು ಪ್ರಕಟಿಸಿತು. ಸದುದ್ದೇಶದ ಪರೀಕ್ಷಕರ ಮೇಲೆ ಮೊಕದ್ದಮೆ ಹೂಡಬಾರದೆಂದು ಅಮೆರಿಕದ ನ್ಯಾಯ ಇಲಾಖೆಯು 2022ರ ಮೇ ತಿಂಗಳಲ್ಲಿ ತನ್ನ ವಕೀಲರಿಗೆ ಆದೇಶವಿತ್ತಿತು. ಬೆಲ್ಜಿಯಂ 2023ರಲ್ಲಿ ಜಾರಿಗೆ ಬಂದ ಶಾಸನದ ಮೂಲಕವೇ, ವಂಚನೆಯ ಉದ್ದೇಶವಿರಬಾರದು, ಅವಶ್ಯವಾದುದಕ್ಕಿಂತ ಹೆಚ್ಚು ಮುಂದುವರಿಯಬಾರದು, ತಡಮಾಡದೆ ತಿಳಿಸಬೇಕು, ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದು ಎಂಬ ಕಟ್ಟುಪಾಡುಗಳಿಗೆ ಒಳಪಟ್ಟವರಿಗೆ ಅಭಯವನ್ನಿತ್ತಿದೆ. ಇದರಲ್ಲಿ ಯಾವ ಮಾತು ನಮಗೆ ಒಗ್ಗದು?

ಶಾಸನದ ತಿದ್ದುಪಡಿಯು ಸಂಸತ್ತಿನ ಕೆಲಸ, ಅದಕ್ಕೆ ಕಾಲ ಹಿಡಿದೀತು. ಆದರೆ ಒಡೆಯನ ಅನುಮತಿಯೆಂದು 43ನೆಯ ಪ್ರಕರಣವೇ ಹೇಳಿರುವಾಗ, ತನ್ನ ಜಾಲತಾಣಗಳಿಗೆ ಒಡೆಯನಾದ ರಾಜ್ಯ ಸರ್ಕಾರವು ಪ್ರತಿಯೊಂದು ಇಲಾಖೆಯ ತಾಣದಲ್ಲಿಯೂ ಕನ್ನಡದಲ್ಲಿ ಒಂದು ಪುಟವನ್ನಿರಿಸಿ, ಇಂಥ ಮೇರೆಯೊಳಗೆ ನೋಡಿ ನಮಗೆ ತಿಳಿಸಿರಿ, ನಿಮ್ಮ ಮೇಲೆ ಕ್ರಮವಿರದು ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ. ಇನ್ನೊಂದು ಮಾತು. ರಾಜ್ಯದ ಸೈಬರ್ ಭದ್ರತಾ ಕೇಂದ್ರವಾದ ಸೈಸೆಕ್‌ಗೆ ಆಧಾರವಾಗಿರುವುದು ಭಾರತೀಯ ವಿಜ್ಞಾನ ಸಂಸ್ಥೆ. ಅದೇ ಸಂಸ್ಥೆಗೆ ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ 1,500 ಎಕರೆಗಳ ಆವರಣವಿದ್ದು, ಅಲ್ಲಿ ವಿಜ್ಞಾನದ ಉಪಾಧ್ಯಾಯರಿಗೆ ಹಲವು ವರ್ಷಗಳಿಂದ ತರಬೇತಿ ನಡೆದಿದೆ. ಹೋಬಳಿಯ ಕಾಲೇಜುಗಳ ಅಧ್ಯಾಪಕರಿಗೆ ಈ ವಿದ್ಯೆಯ ಮೂಲಪಾಠಗಳನ್ನೂ ಅದರ ಮೇರೆಗಳನ್ನೂ ಅಲ್ಲಿಯೇ, ನಮ್ಮ ಭಾಷೆಯಲ್ಲಿಯೇ ಕಲಿಸಿದರೆ, ಜಾಹೀರಾತಿನವರ ಬಲೆಗೆ ಬೀಳುವ ಮಕ್ಕಳ ಸಂಖ್ಯೆ ತಾನಾಗಿ ತಗ್ಗುವುದು. ಪತ್ರ ಬರೆದ ಮಹನೀಯರ ಆತಂಕಕ್ಕೂ ಅದೇ ಸಮಾಧಾನವೆಂದು ನಾನು ಭಾವಿಸುತ್ತೇನೆ.

ನಮ್ಮ ಹುಡುಗನು ಈಗ ಬೆಂಗಳೂರಿನಲ್ಲಿ, ಪರದೇಶದ ಬ್ಯಾಂಕುಗಳ ವ್ಯವಸ್ಥೆಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾನೆ. ಒಳ್ಳೆಯ ಹೆಸರನ್ನೂ ಪಡೆದಿದ್ದಾನೆ. ಅಂದು ತೆರೆದುಕೊಂಡ ಆ ಪುಟವು ಈಗ ಮುಚ್ಚಿದೆಯೇ ಎಂದು ಕೇಳಿದೆನು. ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಆ ತಾಣವನ್ನು ತಾನು ತೆರೆದಿಲ್ಲವೆಂದನು. ತೆರೆದು ನೋಡು ಎನ್ನುವ ಧೈರ್ಯ ನನಗೂ ಬರಲಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಉಪಾಧ್ಯಾಯ
ತಾಳ್ಯ, ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ